ಮುಂದಿನ ಮಳೆಗೆ ತಕ್ಕ ಮೋರಿ

ಕೇಳುಗರೇ, ನಮಸ್ಕಾರ.

ರಸ್ತೆ ಅಂದ ಕೂಡಲೇ ನಮಗೆ ನೆನಪಾಗುವುದು ಮೇಲಿನ ಕಪ್ಪು ಡಾಂಬರು. ಆದರೆ ರಸ್ತೆ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಅದರಡಿಯ ಮಣ್ಣು, ಪಕ್ಕದ ಚರಂಡಿ, ನೀರು ದಾಟಿಸುವ ಮೋರಿ ಇವುಗಳ ಮೇಲೆ ನಿಂತಿದೆ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಮೋರಿಯದ್ದೇ.

ಮೋರಿ ಎಷ್ಟು ದೊಡ್ಡದಿರಬೇಕು ಅಂತ ಎಂಜಿನಿಯರುಗಳು ಹಳೆಯ ಮಳೆಯ ದಾಖಲೆ ನೋಡಿ ಲೆಕ್ಕ ಹಾಕುತ್ತಾರೆ. ಸರಾಸರಿ 25 ಅಥವಾ 50 ವರ್ಷಕ್ಕೊಮ್ಮೆ ಬರುವ ದೊಡ್ಡ ಮಳೆಗೆ ಎಷ್ಟು ನೀರು ಹರಿದೀತು ಅಂತ ಅಂದಾಜು ಮಾಡುತ್ತಾರೆ. ಮುಂದಿನ ಮಳೆಯೂ ಹಿಂದಿನಂತೆಯೇ ಇರುತ್ತದೆ ಅನ್ನುವ ನಂಬಿಕೆ ಈ ಲೆಕ್ಕದ ಬುಡದಲ್ಲಿದೆ. ಅದೇ ಈಗ ಅಲುಗಾಡುತ್ತಿದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. 19ನೇ ಶತಮಾನದ ದ್ವಿತೀಯಾರ್ಧಕ್ಕೆ ಹೋಲಿಸಿದರೆ ಭೂಮಿ ಆಗಲೇ 1 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿದೆ. ಹಾಗಾಗಿ ಸುರಿದರೆ ಒಮ್ಮೆಗೇ ಧೋ ಅಂತ ಸುರಿಯುವ ಮಳೆಗಳು ಹೆಚ್ಚುತ್ತಿವೆ.

ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಅಂದರೆ, ಒಮ್ಮೆ ಬಂದು ಹೋದಮೇಲೆ ನೂರು ವರ್ಷ ನಿಶ್ಚಿಂತೆ ಅಂತ ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇಕಡಾ 1. ಒಂದು ಸೇತುವೆ 50 ವರ್ಷ ನಿಲ್ಲಬೇಕಾದರೆ, ಆ ಅವಧಿಯಲ್ಲಿ ಅಂಥ ಪ್ರವಾಹ ಎದುರಾಗುವ ಸಾಧ್ಯತೆ ಸುಮಾರು ಶೇಕಡಾ 40. ಇದೂ ಹಳೆಯ ಮಳೆಯ ಲೆಕ್ಕದಲ್ಲಿ.

ಮೋರಿ ಚಿಕ್ಕದಾದರೆ, ಅಥವಾ ಕಸಕಡ್ಡಿ, ಹೂಳು ತುಂಬಿ ಕಟ್ಟಿಕೊಂಡರೆ, ರಸ್ತೆಯೇ ಅಣೆಕಟ್ಟಾಗುತ್ತದೆ. ನೀರು ಒಂದು ಬದಿ ಏರಿ, ರಸ್ತೆ ಮೇಲೆ ಹರಿದು, ಇನ್ನೊಂದು ಬದಿಯ ಮಣ್ಣನ್ನು ಕೊರೆಯುತ್ತದೆ. ಅಂಚು ಕುಸಿಯುತ್ತದೆ, ಆಮೇಲೆ ಡಾಂಬರು ಕೆಳಗೆ ಬೀಳುತ್ತದೆ. ಕೊಚ್ಚಿ ಹೋಗದೆ ಉಳಿದರೂ ಅಪಾಯ ತಪ್ಪಿದ್ದಲ್ಲ. ಅಡಿಯ ಮಣ್ಣು ನೆನೆದು ಬಲ ಕಳೆದುಕೊಂಡಿರುತ್ತದೆ. ನೀರು ಇಳಿದ ಕೂಡಲೇ ಭಾರದ ಲಾರಿಗಳನ್ನು ಬಿಟ್ಟರೆ, ಚೆನ್ನಾಗಿ ಕಾಣುವ ರಸ್ತೆಯೂ ಒಡೆಯುತ್ತದೆ. ಮಣ್ಣು ಬಸಿಯುವವರೆಗೆ ಅವುಗಳನ್ನು ತಡೆಯಲೇಬೇಕು.

ಬಿಸಿಲಿನ ಕಥೆ ಬೇರೆ. ಸುಡುಬಿಸಿಲಿನಲ್ಲಿ ಡಾಂಬರಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ, ಮೆತ್ತಗಾಗಿ ಗಾಲಿಯ ಜಾಡಿನಲ್ಲಿ ತಗ್ಗಾಗುತ್ತದೆ. ಇದಕ್ಕೆ ಹೆಚ್ಚು ಶಾಖ ತಡೆಯುವ ಡಾಂಬರು ಆರಿಸಿಕೊಳ್ಳಬಹುದು, ಮತ್ತೆ ಹೊದಿಸುವಾಗಲೇ ಬದಲಿಸಬಹುದು. ಮೋರಿ ಹಾಗಲ್ಲ. ಅದು ಒಮ್ಮೆ ಹೂತರೆ ದಶಕಗಳ ಕಾಲ ಅಲ್ಲೇ. ಕಟ್ಟುವಾಗಲೇ ಒಂದು ಅಳತೆ ದೊಡ್ಡ ಕೊಳವೆ ಹಾಕುವ ಖರ್ಚು, ಮುಂದೆ ರಸ್ತೆ ಅಗೆದು ಬದಲಿಸುವ ಖರ್ಚಿನ ಮುಂದೆ ತೀರಾ ಸಣ್ಣದು.

ಎಲ್ಲ ರಸ್ತೆಗಳನ್ನೂ ಎತ್ತರಿಸುವಷ್ಟು ಹಣ ಯಾರ ಬಳಿಯೂ ಇಲ್ಲ. ಎತ್ತರಿಸಿದ ರಸ್ತೆ ಕೆಲವೊಮ್ಮೆ ನೀರನ್ನು ಪಕ್ಕದ ಮನೆಗಳಿಗೆ ತಳ್ಳುತ್ತದೆ ಕೂಡ. ಅದಕ್ಕೇ ಆಯ್ಕೆ ಬೇಕು. ಯಾವ ರಸ್ತೆ ಕಡಿದರೆ ಆಸ್ಪತ್ರೆಗೆ ಬೇರೆ ದಾರಿಯೇ ಇಲ್ಲವೋ, ಅದಕ್ಕೆ ಮೊದಲ ಹಣ ಹೋಗಬೇಕು. ಬದಲಿ ದಾರಿ ಇರುವ ತಗ್ಗು ರಸ್ತೆಗಳು ಕೆಲ ಗಂಟೆ ಮುಳುಗಲಿ ಬಿಡಿ. ಆದರೆ ಅಂಚಿಗೆ ಕಲ್ಲು ಹಾಸಿ, ಮೇಲೆ ಕಾಂಕ್ರೀಟ್ ಹಾಕಿ, ನೀರು ಇಳಿದ ಮೇಲೆ ರಸ್ತೆ ಅಲ್ಲೇ ಇರುವಂತೆ ಕಟ್ಟಬೇಕು, ಅಲ್ವಾ? ಮುಳುಗಿದಾಗ ವಾಹನಗಳನ್ನು ನಿಲ್ಲಿಸುವ ವ್ಯವಸ್ಥೆಯೂ ಜೊತೆಗಿರಬೇಕು.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಪ್ರತಿ ದೊಡ್ಡ ಮಳೆಯ ನಂತರ, ಯಾವ ಮೋರಿಯಲ್ಲಿ ನೀರು ಎಲ್ಲಿವರೆಗೆ ಏರಿತ್ತು ಅಂತ ದಿನಾಂಕದ ಸಮೇತ ಬರೆದಿಡುವುದು. ಆ ಪಟ್ಟಿ ರಸ್ತೆಯ ನಕ್ಷೆ ತಯಾರಿಸುವವರ ಮೇಜಿಗೆ ತಲುಪಲಿ. ಯಾವ ಮೋರಿಯನ್ನು ಮೊದಲು ಬದಲಿಸಬೇಕು ಅಂತ ಅವರು ಅದನ್ನು ನೋಡಿಯೇ ಹೇಳಬಹುದು.

ನಮಸ್ಕಾರ.