ಮೇಲ್ ಸರ್ವರ್ ‘ಕನೆಕ್ಷನ್ ಜಾಸ್ತಿ ಆಯ್ತು’ ಅಂದರೆ ಮೊದಲು ಎಲ್ಲಿ ನೋಡಬೇಕು?

ನಮಸ್ಕಾರ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಸ್ವಂತ ಮೇಲ್ ಸರ್ವರ್ ನಡೆಸುವ ಸಣ್ಣ ಆಫೀಸುಗಳಿಗಾಗಿ ಈ ವಿಡಿಯೋ. ಬಾಡಿಗೆಗೆ ಪಡೆದ ಒಂದು ವಿಪಿಎಸ್ (ಇಂಟರ್ನೆಟ್‌ನಲ್ಲಿರುವ ಸರ್ವರ್), ಅದರಲ್ಲಿ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್. ಪೋಸ್ಟ್‌ಫಿಕ್ಸ್ ಮೇಲ್ ಸಾಗಿಸುತ್ತದೆ, ಡವ್‌ಕಾಟ್ ಅದನ್ನು ಓದಲು ಕೊಡುತ್ತದೆ. ಇವತ್ತಿನ ತೊಂದರೆ ಹೆಚ್ಚಾಗಿ ಡವ್‌ಕಾಟ್ ಬದಿಯದ್ದು.

ಅಡಿಕೆ ವ್ಯಾಪಾರದ ಒಂದು ಆಫೀಸು ಇದೆ ಅಂತ ಇಟ್ಟುಕೊಳ್ಳಿ. ಎಲ್ಲರಿಗೂ ಸೇರಿ ‘ಆಫೀಸ್’ ಎಂಬ ಒಂದೇ ಮೇಲ್ ಖಾತೆ. ಮೂರು ಕಂಪ್ಯೂಟರ್, ನಾಲ್ಕು ಫೋನ್, ಎಲ್ಲದರಲ್ಲೂ ಅದೇ ಪಾಸ್‌ವರ್ಡ್. ಮೊದಲು ಬಂದವರಿಗೆ ಮೇಲ್ ಸಿಗುತ್ತದೆ, ತಡವಾಗಿ ಬಂದವರಿಗೆ ಸಿಗುವುದಿಲ್ಲ.

(ಪರದೆಯ ಮೇಲೆ: ಮೇಲ್ ಲಾಗ್‌ನ ಸಾಲು)

ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆರೆಯಿರಿ. ‘ಮ್ಯಾಕ್ಸಿಮಮ್ ನಂಬರ್ ಆಫ್ ಕನೆಕ್ಷನ್ಸ್ ಫ್ರಮ್ ಯೂಸರ್ ಪ್ಲಸ್ ಐಪಿ ಎಕ್ಸೀಡೆಡ್’ ಅಂತ ಇದೆಯಾ? ಅದರಲ್ಲಿ ‘ಯೂಸರ್ ಪ್ಲಸ್ ಐಪಿ’ ಅನ್ನುವುದೇ ಮುಖ್ಯ. ಒಬ್ಬ ಬಳಕೆದಾರ ಒಂದು ಐಪಿಯಿಂದ, ಅಂದರೆ ಒಂದು ಇಂಟರ್ನೆಟ್ ವಿಳಾಸದಿಂದ, ಎಷ್ಟು ಕನೆಕ್ಷನ್ ಇಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. ಡವ್‌ಕಾಟ್ ತಾನಾಗಿ ಕೊಡುವುದು 10. ಆಫೀಸಿನ ವೈಫೈಯಲ್ಲಿರುವ ಎಲ್ಲರೂ ಹೊರಗೆ ಒಂದೇ ಐಪಿಯಾಗಿ ಕಾಣುತ್ತಾರೆ. ಖಾತೆಯೂ ಒಂದೇ. ಹಾಗಾಗಿ ಏಳು ಸಾಧನಗಳಿಗೂ ಸೇರಿ ಇರುವುದು ಆ ಹತ್ತೇ.

ಏಳು ಸಾಧನಕ್ಕೆ ಹತ್ತು ಸಾಕಲ್ವಾ? ಸಾಲದು. ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಆ್ಯಪ್ ಒಂದು ಖಾತೆಗೆ ಐದರವರೆಗೆ ಕನೆಕ್ಷನ್ ತೆರೆದಿಡುತ್ತದೆ. ಎರಡು ಕಂಪ್ಯೂಟರಿಗೇ ಹತ್ತು ಮುಗಿಯಬಹುದು. ಹೊಸ ಮೇಲ್ ಬಂದ ಕೂಡಲೇ ತಿಳಿಯಲೆಂದು, ಸರ್ವರ್‌ನಲ್ಲಿರುವ ಮೇಲನ್ನು ಓದುವ ವಿಧಾನವಾದ ಐಮ್ಯಾಪ್‌ನಲ್ಲಿ ‘ಐಡಲ್’ ಎಂಬ ವ್ಯವಸ್ಥೆ ಇದೆ. 1997ರಿಂದ ಇರುವಂಥದ್ದು. ಅದಕ್ಕಾಗಿ ಕನೆಕ್ಷನ್ ಮುಚ್ಚದೆ ಹಾಗೇ ಇರುತ್ತದೆ.

ನಮ್ಮ ಕಡೆಯ ಮಳೆಗಾಲ ಇದಕ್ಕೆ ಇನ್ನೊಂದು ಕಾರಣ ಸೇರಿಸುತ್ತದೆ. ಕರೆಂಟು ಹೋಯಿತು, ರೌಟರ್ ಆಫ್ ಆಯಿತು. ಯಾವ ಸಾಧನವೂ ಸರ್ವರ್‌ಗೆ ‘ನಾನು ಹೊರಟೆ’ ಅಂತ ಹೇಳಿಲ್ಲ. ಸರ್ವರ್ ಆ ಹಳೆಯ ಕನೆಕ್ಷನ್‌ಗಳನ್ನು ಕೆಲವು ನಿಮಿಷ, ಕೆಲವೊಮ್ಮೆ ಕಾಲು ಗಂಟೆಯವರೆಗೂ ಲೆಕ್ಕದಲ್ಲಿಟ್ಟಿರುತ್ತದೆ. ಕರೆಂಟು ಬಂದಾಗ ಎಲ್ಲರೂ ಒಟ್ಟಿಗೆ ಹೊಸದು ತೆರೆಯುತ್ತಾರೆ. ರೌಟರಿಗೆ ಸಿಕ್ಕಿದ ಐಪಿ ಅದೇ ಆಗಿದ್ದರೆ ಮಿತಿ ತಕ್ಷಣ ತುಂಬುತ್ತದೆ. ‘ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಯಾಗುತ್ತದೆ’ ಅನ್ನುವವರ ಆಫೀಸಿನಲ್ಲಿ ಆಗುತ್ತಿರುವುದು ಹೆಚ್ಚಾಗಿ ಇದೇ.

(ಪರದೆಯ ಮೇಲೆ: ‘ಡವ್ ಅಡ್ಮಿನ್ ಹೂ’ ಆದೇಶ, ಅದರ ಪಟ್ಟಿ)

ಈ ಆದೇಶ ಯಾರದು ಎಷ್ಟು ಕನೆಕ್ಷನ್, ಯಾವ ಐಪಿಯಿಂದ ಅಂತ ತೋರಿಸುತ್ತದೆ. ಇದನ್ನು ನೋಡದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಸತ್ತ ಕನೆಕ್ಷನ್ ಇದ್ದರೆ ‘ಕಿಕ್’ ಆದೇಶದಿಂದ ತೆಗೆಯಬಹುದು.

ಆಮೇಲೆ ಮಿತಿ. ‘ಮೇಲ್ ಮ್ಯಾಕ್ಸ್ ಯೂಸರ್ ಐಪಿ ಕನೆಕ್ಷನ್ಸ್’ ಸಾಲನ್ನು ಐಮ್ಯಾಪ್ ಭಾಗದಲ್ಲಿ 20 ಅಥವಾ 30 ಮಾಡಿ, ಡವ್‌ಕಾಟ್ ರೀಲೋಡ್ ಮಾಡಿ. ಸಣ್ಣ ಸರ್ವರ್‌ಗೆ ಇದು ಹೊರೆಯಲ್ಲ. ಆದರೆ ಸುಮ್ನೆ 500 ಹಾಕಬೇಡಿ. ಕೆಟ್ಟುಹೋದ ಒಂದು ಫೋನ್ ಆ್ಯಪ್ ಮತ್ತೆ ಮತ್ತೆ ಕನೆಕ್ಷನ್ ತೆರೆಯುತ್ತಾ ಹೋದರೆ ತಡೆಯುವುದಕ್ಕೇ ಈ ಮಿತಿ ಇರುವುದು. ಥಂಡರ್‌ಬರ್ಡ್‌ನಲ್ಲೂ ಐದನ್ನು ಎರಡಕ್ಕೆ ಇಳಿಸಿ.

ನನ್ನ ಮಟ್ಟಿಗೆ ನಿಜವಾದ ಪರಿಹಾರ ಬೇರೆ. ಒಬ್ಬೊಬ್ಬರಿಗೂ ಅವರದೇ ಲಾಗಿನ್ ಕೊಡಿ. ‘ಆಫೀಸ್’ ಪೆಟ್ಟಿಗೆಯನ್ನು ಡವ್‌ಕಾಟ್‌ನ ಎಸಿಎಲ್ (ಯಾರು ಯಾವ ಪೆಟ್ಟಿಗೆ ನೋಡಬಹುದು ಎಂಬ ಪಟ್ಟಿ) ಮೂಲಕ ಹಂಚಿಕೊಳ್ಳಿ. ಆಗ ಹತ್ತರ ಲೆಕ್ಕ ಒಬ್ಬೊಬ್ಬರಿಗೂ ಬೇರೆ ಬೇರೆ. ಒಬ್ಬರು ಕೆಲಸ ಬಿಟ್ಟರೆ ಎಲ್ಲರ ಫೋನಿನಲ್ಲೂ ಪಾಸ್‌ವರ್ಡ್ ಬದಲಿಸುವ ಗೋಳೂ ಇಲ್ಲ.

ಲಾಗ್‌ನಲ್ಲಿ ಆ ಸಾಲು ಇಲ್ಲದಿದ್ದರೆ? ‘ಪ್ರೊಸೆಸ್ ಲಿಮಿಟ್ ರೀಚ್ಡ್’ ಅಂತ ಇದ್ದರೆ ಅದು ಇಡೀ ಸರ್ವರ್‌ನ ಮಿತಿ, ಒಬ್ಬರದ್ದಲ್ಲ. ‘ಐನೋಟಿಫೈ’ (ಕಡತ ಬದಲಾದದ್ದನ್ನು ತಿಳಿಸುವ ಲಿನಕ್ಸ್ ವ್ಯವಸ್ಥೆ) ಎಚ್ಚರಿಕೆ ಇದ್ದರೆ ಕನೆಕ್ಷನ್ ಸಿಗುತ್ತದೆ, ಹೊಸ ಮೇಲ್ ಬಂದದ್ದು ಮಾತ್ರ ತಡವಾಗಿ ತಿಳಿಯುತ್ತದೆ. ಪೋಸ್ಟ್‌ಫಿಕ್ಸ್‌ಗೂ ಒಂದು ಐಪಿಗೆ 50ರ ಮಿತಿ ಇದೆ, ಸಣ್ಣ ಆಫೀಸು ಅದನ್ನು ಮುಟ್ಟುವುದು ಅಪರೂಪ.

ಲಾಗ್‌ನಲ್ಲಿ ಏನೂ ಇಲ್ಲದೆ ಇಡೀ ಆಫೀಸಿಗೇ ಮೇಲ್ ನಿಂತಿದ್ದರೆ, ತಪ್ಪು ಪಾಸ್‌ವರ್ಡ್ ಒತ್ತುವವರನ್ನು ತಡೆಯುವ ಫೇಲ್‌ಟುಬ್ಯಾನ್ ನೋಡಿ. ಯಾರೋ ಗಾಬರಿಯಲ್ಲಿ ಪಾಸ್‌ವರ್ಡನ್ನು ಐದು ಸಲ ತಪ್ಪಾಗಿ ಒತ್ತಿದರೆ ಸಾಕು, ಅದು ಆ ಐಪಿಯನ್ನೇ ಹತ್ತು ನಿಮಿಷ ಹೊರಗಿಡುತ್ತದೆ. ಆಗ ಮೊಬೈಲ್ ಡೇಟಾದಿಂದ ಮೇಲ್ ತೆರೆದು ನೋಡಿ. ತೆರೆದರೆ ನಿಮ್ಮ ಆಫೀಸಿನ ಐಪಿ ಬ್ಯಾನ್ ಪಟ್ಟಿಯಲ್ಲಿದೆಯಾ ಅಂತ ಹುಡುಕಿ.