ಎದುರಾಳಿಯ ಕಾರಿನಲ್ಲಿ ನಮ್ಮದೇ ಚಾಳಿ

ಎಲ್ಲರಿಗೂ ನಮಸ್ಕಾರ.

ರೇಸಿಂಗ್ ಗೇಮ್ ಆಡಿದವರು ಇದನ್ನು ಕಂಡೇ ಇರುತ್ತೀರಿ. ಕಂಪ್ಯೂಟರ್ ಓಡಿಸುವ ಕಾರುಗಳು ಹಳಿಯ ಮೇಲಿನ ಬೋಗಿಗಳಂತೆ ಒಂದೇ ಗೆರೆ ಹಿಡಿದು ಸಾಗುತ್ತವೆ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬ್ರೇಕ್. ಎಷ್ಟೋ ಗೇಮ್‌ಗಳಲ್ಲಿ ನಾವು ಹಿಂದೆ ಬಿದ್ದರೆ ಅವು ನಿಧಾನಿಸುತ್ತವೆ, ಮುಂದೆ ಹೋದರೆ ಎಲ್ಲಿಂದಲೋ ವೇಗ ತಂದುಕೊಂಡು ಬೆನ್ನು ಹತ್ತುತ್ತವೆ. ಇದಕ್ಕೆ ರಬ್ಬರ್ ಬ್ಯಾಂಡ್ ಅನ್ನುತ್ತಾರೆ. ಗೆದ್ದರೂ ಗೆದ್ದ ಹಾಗೆ ಅನ್ನಿಸುವುದಿಲ್ಲ.

2005ರಲ್ಲಿ ಬಂದ ಫೋರ್ಜಾ ಮೋಟರ್‌ಸ್ಪೋರ್ಟ್ ಎಂಬ ರೇಸಿಂಗ್ ಗೇಮ್ ಬೇರೆ ದಾರಿ ಹಿಡಿಯಿತು. ಅದನ್ನು ತಯಾರಿಸಿದ ಟರ್ನ್ 10 ಸ್ಟುಡಿಯೋ ಜೊತೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧಕರು ಸೇರಿ ರೂಪಿಸಿದ್ದು 'ಡ್ರೈವಟಾರ್', ಅಂದರೆ ಆಟಗಾರನ ಓಟ ನೋಡಿ ಕಲಿತು ಅವನಂತೆಯೇ ಓಡಿಸುವ ಕಂಪ್ಯೂಟರ್ ಚಾಲಕ. ಡ್ರೈವರ್ ಎಂಬ ಪದಕ್ಕೆ ಅವತಾರ್ ಸೇರಿಸಿ ಕಟ್ಟಿದ ಹೆಸರು. ದಶಾವತಾರ ಕೇಳಿ ಬೆಳೆದ ನಮಗೆ ಈ ಹೆಸರು ಥಟ್ಟನೆ ಅರ್ಥವಾಗುತ್ತದೆ.

ನೀವು ತಿರುವಿಗೆ ಹೇಗೆ ನುಗ್ಗುತ್ತೀರಿ, ಒಳ ಅಂಚಿಗೆ ಎಷ್ಟು ಹತ್ತಿರ ಬರುತ್ತೀರಿ, ಯಾವ ವೇಗದಲ್ಲಿ ಹೊರಬೀಳುತ್ತೀರಿ ಎಂಬುದನ್ನು ಅದು ಗಮನಿಸುತ್ತದೆ. ಸುತ್ತಿನಿಂದ ಸುತ್ತಿಗೆ ನಿಮ್ಮ ಓಟ ಎಷ್ಟು ಏರುಪೇರಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಇದರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ: ನೀವು ಎಂದೂ ಓಡಿಸದ ಟ್ರ್ಯಾಕ್‌ನಲ್ಲೂ ನಿಮ್ಮ ಡ್ರೈವಟಾರ್ ನಿಮ್ಮ ಶೈಲಿಯಲ್ಲೇ ಓಡಬಲ್ಲದು. 1992ರ ಸೂಪರ್ ಮಾರಿಯೋ ಕಾರ್ಟ್‌ನ 'ಘೋಸ್ಟ್' ಹಾಗಲ್ಲ. ಅದು ಮುಗಿದ ಓಟದ ಮರುಪ್ರದರ್ಶನ ಮಾತ್ರ. ಅಡ್ಡ ಹೋದರೂ ನಿಮ್ಮೊಳಗಿಂದ ಹಾದುಹೋಗುತ್ತದೆ.

2013ರಲ್ಲಿ ಫೋರ್ಜಾದ ಐದನೇ ಆವೃತ್ತಿ ಎಕ್ಸ್‌ಬಾಕ್ಸ್ ಒನ್ ಎಂಬ ಗೇಮ್ ಯಂತ್ರದ ಜೊತೆ ಬಂದಾಗ ಈ ಕಲಿಕೆ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರುಗಳಿಗೆ ಹೋಯಿತು. ಕಾರಿನ ಮೇಲೆ ಗೆಳೆಯನ ಹೆಸರು ಕಾಣತೊಡಗಿತು. ನೀವು ಮಲಗಿದ್ದಾಗ ನಿಮ್ಮ ಡ್ರೈವಟಾರ್ ಬೇರೆಯವರ ಆಟದಲ್ಲಿ ಓಡಿ ನಿಮಗಾಗಿ ಕ್ರೆಡಿಟ್ (ಆಟದೊಳಗಿನ ಹಣ) ಗಳಿಸಿ ತರುತ್ತಿತ್ತು.

ಆದರೆ ಜನ ಆಟದಲ್ಲಿ ಹೇಗೆ ಓಡಿಸುತ್ತಾರೆ? ಮೊದಲ ತಿರುವಿನಲ್ಲೇ ಪಕ್ಕದವನಿಗೆ ಗುದ್ದುತ್ತಾರೆ, ಹುಲ್ಲಿನ ಮೇಲೆ ಹಾಯ್ದು ತಿರುವು ಕತ್ತರಿಸುತ್ತಾರೆ. ಯಂತ್ರ ಅದನ್ನೂ ಕಲಿಯಿತು. ಡ್ರೈವಟಾರ್‌ಗಳು ಒರಟಾದವು, ಆಟಗಾರರು ದೂರಿದರು, ಮುಂದಿನ ಆವೃತ್ತಿಗಳಲ್ಲಿ ಆ ಒರಟುತನಕ್ಕೆ ಮಿತಿ ಹಾಕುವ ಆಯ್ಕೆ ಬಂತು. ದತ್ತಾಂಶ ಹೇಳುವುದು ನಾವು ಏನು ಮಾಡುತ್ತೇವೆ ಎಂಬುದನ್ನು ಮಾತ್ರ. ಅದರಲ್ಲಿ ಏನು ಉಳಿಯಬೇಕು ಎಂದು ಯಾರೋ ಕೂತು ತೀರ್ಮಾನಿಸಲೇಬೇಕು.

ಸೋನಿಯವರ ಗ್ರಾನ್ ಟುರಿಸ್ಮೋ ಎಂಬ ರೇಸಿಂಗ್ ಗೇಮ್‌ನ ಕಂಪ್ಯೂಟರ್ ಚಾಲಕಿ 'ಗ್ರಾನ್ ಟುರಿಸ್ಮೋ ಸೋಫಿ' ಇದಕ್ಕೆ ತದ್ವಿರುದ್ಧ. 2022ರ ಫೆಬ್ರವರಿಯಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಅದರ ವಿವರ ಬಂತು. ಅದು ಮನುಷ್ಯರ ಓಟವನ್ನು ನಕಲು ಮಾಡಲಿಲ್ಲ. ತಾನೇ ಓಡಿ, ಎಡವಿ, ಅಂಕ ಪಡೆದು ಕಲಿಯಿತು. ಡಿಕ್ಕಿ ಹೊಡೆದರೆ ಅಂಕ ಕಡಿತ. 2021ರ ಜುಲೈನಲ್ಲಿ ಅಗ್ರ ಆಟಗಾರರ ತಂಡದೆದುರು ಸೋತು, ತಿದ್ದಿಸಿಕೊಂಡು ಅಕ್ಟೋಬರ್‌ನಲ್ಲಿ ಗೆದ್ದಿತು. ಸಭ್ಯತೆ ಎಷ್ಟು, ಹಟ ಎಷ್ಟು ಎಂಬ ಅಳತೆಯನ್ನು ಅಲ್ಲೂ ಎಂಜಿನಿಯರುಗಳೇ ಇಟ್ಟಿದ್ದು.

ಎರಡರಲ್ಲಿ ನನಗೆ ಪ್ರಿಯವಾದದ್ದು ಡ್ರೈವಟಾರೇ. ಗೆಳೆಯ ತಡವಾಗಿ ಬ್ರೇಕ್ ಒತ್ತುವ ಚಾಳಿ ಅವನಿಲ್ಲದಾಗಲೂ ಎದುರಿಗೆ ಬರುವುದು ಸಣ್ಣ ಸುಖವಲ್ಲ. ಹಾಗಾಗಿಯೇ ನನ್ನದೊಂದು ಬೇಡಿಕೆ ಇದೆ. ನನ್ನ ಹೆಸರು ಹೊತ್ತು ಓಡುವ ಕಾರು ನನ್ನಿಂದ ಏನು ಕಲಿತಿದೆ, ಎಲ್ಲಿ ಯಾರಿಗೆ ಗುದ್ದಿ ಬಂದಿದೆ ಎಂಬುದನ್ನು ಗೇಮ್ ನನಗೆ ತೋರಿಸಬೇಕು. ಬೇಡವೆನಿಸಿದ್ದನ್ನು ಅಳಿಸಲು ಬಿಡಬೇಕು.