ತಪ್ಪು ಮಾಡೋ ಪಾತ್ರಗಳನ್ನ ನೋಡೋದು ಹೇಗೆ: ತಾಂಡವ್, ಜಯಂತ್, ಗೌತಮ್, ಬಂಗಾರಮ್ಮ

‘ಭಾಗ್ಯಲಕ್ಷ್ಮಿ’ ಧಾರಾವಾಹಿಯ ತಾಂಡವ್‌ಗೆ ಬೈಗುಳ ಬೀಳದ ದಿನ ಇಲ್ಲ. ಬೀಳಲಿ, ನ್ಯಾಯವೇ. ಹೆಂಡತಿ ಭಾಗ್ಯ ಮನೆ, ಮಕ್ಕಳು, ಅತ್ತೆ, ಮಾವ ಎಲ್ಲರನ್ನೂ ಹೊತ್ಕೊಂಡಿದ್ದಾಗ ಇವನು ಶ್ರೇಷ್ಠಾ ಜೊತೆ ಇನ್ನೊಂದು ಬದುಕು ಕಟ್ಕೊಳ್ತಾ ಇದ್ದ. ಆದ್ರೆ ಬರೀ ಖಳನಾಗಿದ್ದಿದ್ರೆ ಈ ಪಾತ್ರವನ್ನ ಜನ ಇಷ್ಟು ವರ್ಷ ಬೈತಾ ಕೂರ್ತಿರಲಿಲ್ಲ, ಮೂರೇ ತಿಂಗಳಲ್ಲಿ ಬೇಜಾರಾಗಿ ಚಾನೆಲ್ ತಿರುಗಿಸಿರೋರು. ಧಾರಾವಾಹಿ ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ. ತಾಂಡವ್ ಇನ್ನೂ ಕೋಪ ಬರಿಸ್ತಾನೆ ಅಂದ್ರೆ ಒಂದು ಕಾರಣ ಇದೆ: ತನಗೆ ಅನ್ಯಾಯ ಆಗಿದೆ ಅಂತ ಅವನು ಮನಸಾರೆ ನಂಬಿದಾನೆ. ಓದು ಕಡಿಮೆ ಇರೋ ಹೆಂಡತಿ, ಅಮ್ಮನ ಮಾತಿಗೆ ಕಟ್ಟುಬಿದ್ದು ಆದ ಮದುವೆ, ಆಫೀಸಿನವರ ಮುಂದೆ ಮರ್ಯಾದೆ. ಅವನ ಲೆಕ್ಕದಲ್ಲಿ ಅವನೇ ನೊಂದವನು.

ಇವತ್ತಿನ ವಿಡಿಯೋ ಪೂರ್ತಿ ಇದರ ಬಗ್ಗೆನೇ. ನಮ್ಮ ಧಾರಾವಾಹಿಗಳಲ್ಲಿ ತಪ್ಪು ಮಾಡೋ ಪಾತ್ರಗಳು ಯಾವಾಗ ಜೀವಂತವಾಗಿರುತ್ತವೆ, ಯಾವಾಗ ಕೆಟ್ಟುಹೋಗುತ್ತವೆ, ಅದನ್ನ ಸಂಚಿಕೆ ನೋಡ್ತಾ ನೋಡ್ತಾನೇ ಹೇಗೆ ಗುರುತಿಸಬಹುದು ಅಂತ. ಕಥೆ ಗೊತ್ತಿಲ್ಲದವರು ಗಮನಿಸಿ, ಮುಂದಿನ ತಿರುವುಗಳನ್ನೂ ಹೇಳ್ತಾ ಹೋಗ್ತೀನಿ.

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು, ಪ್ರೋಮೋ ಎಲ್ಲ ಕಳೆದು ಉಳಿಯೋ ಕಥೆ ಸುಮಾರು 22 ನಿಮಿಷ. ವಾರಕ್ಕೆ ಐದು ಸಂಚಿಕೆ ಅಂದ್ಕೊಂಡ್ರೂ 110 ನಿಮಿಷ, ಹತ್ತಿರ ಹತ್ತಿರ ಒಂದು ಸಿನಿಮಾದಷ್ಟು. ವರ್ಷಕ್ಕೆ 260 ಸಂಚಿಕೆ, 95 ಗಂಟೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ನಾಯಕ ಒಂದು ತಪ್ಪು ಮಾಡಿ, ಸಿಕ್ಕಿಬಿದ್ದು, ತಿದ್ದಿಕೊಂಡು ಮುಗಿಸಬಹುದು. 95 ಗಂಟೆಗೆ ಅದು ಎಲ್ಲಿ ಸಾಲುತ್ತೆ? ಹಾಗಾಗಿ ಬರೆಯೋರು ತಪ್ಪನ್ನ ಗುಟ್ಟಾಗಿ ಮಾಡಿ ಇಡ್ತಾರೆ. ಗುಟ್ಟು ಒಬ್ಬರಿಂದ ಇನ್ನೊಬ್ಬರಿಗೆ ದಾಟೋದೇ ಕಥೆ. ನಮ್ಮ ಮೆಗಾ ಧಾರಾವಾಹಿಗಳು ನಿಂತಿರೋದೇ ಇದರ ಮೇಲೆ, ಮತ್ತೆ ಹಾಳಾಗೋದೂ ಇಲ್ಲೇ.

ಒಂದು ನೋಟ್‌ಬುಕ್ ತಗೊಳ್ಳಿ, ಇಲ್ಲ ಮೊಬೈಲ್‌ನಲ್ಲೇ ಬರ್ಕೊಳ್ಳಿ. ಇಷ್ಟದ ಒಂದೇ ಒಂದು ಪಾತ್ರ ಆರಿಸಿ ಪ್ರತಿ ವಾರ ಮೂರು ಪ್ರಶ್ನೆ ಹಾಕಿ. ಇವನ ಗುಟ್ಟು ಈ ವಾರ ಹೊಸದಾಗಿ ಯಾರಿಗೆ ಗೊತ್ತಾಯ್ತು? ಇವನ ತಪ್ಪಿಗೆ ಈ ವಾರ ಯಾರು ಬೆಲೆ ಕೊಟ್ರು? ಈ ತಪ್ಪಿನಿಂದ ಇವನಿಗೆ ನಿಜವಾಗಿ ಏನು ಬೇಕಿತ್ತು? ಸೋಮವಾರದ ಸಂಚಿಕೆ ಮತ್ತೆ ವಾರದ ಕೊನೆಯದು, ಈ ಎರಡನ್ನ ಗಮನ ಇಟ್ಟು ನೋಡಿದ್ರೆ ಸಾಕು. ಮೊದಲ ಪ್ರಶ್ನೆಗೆ ನಾಲ್ಕು ವಾರ ಸತತವಾಗಿ ‘ಯಾರಿಗೂ ಇಲ್ಲ’ ಅಂತ ಬಂದ್ರೆ ಟ್ರ್ಯಾಕ್, ಅಂದ್ರೆ ಕಥೆಯ ಆ ಎಳೆ, ನಿಂತ ನೀರಾಗಿದೆ. ಎರಡನೇದಕ್ಕೆ ಪ್ರತಿ ವಾರ ನಾಯಕಿಯ ಹೆಸರೇ ಬರ್ತಾ ಇದ್ರೆ ಅದು ಇನ್ನೂ ಕೆಟ್ಟ ಲಕ್ಷಣ. ತಪ್ಪು ಅವನದು, ಕಣ್ಣೀರು ಅವಳದು ಅನ್ನೋ ಏರ್ಪಾಡಿನಲ್ಲಿ ಪಾತ್ರ ಬೆಳೆಯಲ್ಲ. ಮಾಡಿದ್ದು ತನ್ನ ಮೈಗೆ ತಾಗದವನು ಬದಲಾಗೋದಕ್ಕೆ ಕಾರಣವೇ ಇರಲ್ಲ.

ಈ ಲೆಕ್ಕವನ್ನ ತಾಂಡವ್‌ನ ಅಮ್ಮ ಕುಸುಮಾಗೆ ಹಾಕಿ ನೋಡಿ. ಮೊದಮೊದಲು ಕುಸುಮಾ ಅಂದ್ರೆ ಗದರೋ ಅತ್ತೆ. ಮನೆ ತನ್ನ ಮಾತಿನ ಮೇಲೇ ನಡೀಬೇಕು, ಮಗ ಬಂಗಾರ. ಅವಳ ದೋಷ ಇರೋದು ಆ ಖಾತ್ರಿಯಲ್ಲಿ: ನಾನು ಆರಿಸಿದ್ದು ತಪ್ಪಾಗೋಕೆ ಸಾಧ್ಯವೇ ಇಲ್ಲ. ಅದೇ ಹಟ ಆಮೇಲೆ ಸೊಸೆಯನ್ನ ಎಸ್ಸೆಸ್ಸೆಲ್ಸಿ ಓದಿಸೋಕೆ ನಿಂತಾಗ ಅವಳ ಬಲ ಆಗುತ್ತೆ, ಮಗನ ನಿಜ ಗೊತ್ತಾದಾಗ ಅವನ ವಿರುದ್ಧವೇ ತಿರುಗುತ್ತೆ. ಸ್ವಭಾವ ಒಂದಿಷ್ಟೂ ಬದಲಾಗಿಲ್ಲ, ದನಿಯೂ ತಗ್ಗಿಲ್ಲ. ಹಟ ನಿಂತ ಜಾಗ ಮಾತ್ರ ಬದಲಾಯ್ತು. ಪದ್ಮಜಾ ರಾವ್ ಇದನ್ನ ನಿಭಾಯಿಸಿರೋ ರೀತಿ ನೋಡಿ: ಭಾಗ್ಯಳ ಪರ ಮಾತಾಡುವಾಗಲೂ ಕುಸುಮಾ ಮೆತ್ತಗಾಗಲ್ಲ, ಆಜ್ಞೆಯನ್ನೇ ಮಾಡ್ತಾಳೆ. ಇತ್ತೀಚಿನ ಧಾರಾವಾಹಿಗಳಲ್ಲಿ ಅತ್ತೆ ಪಾತ್ರವನ್ನ ಇಷ್ಟು ಚೆನ್ನಾಗಿ ಬರೆದಿದ್ದು ಕಡಿಮೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ತಾಂಡವ್‌ಗೆ ಸಿಗದ ಬೆಳವಣಿಗೆ ಇವಳಿಗೆ ಸಿಕ್ಕಿದ್ದೂ ಅದೇ ಕಾರಣಕ್ಕೆ: ಮಗನನ್ನ ತಪ್ಪಾಗಿ ಅಳೆದಿದ್ದಕ್ಕೆ ಬೆಲೆಯನ್ನ ಕುಸುಮಾ ತಾನೇ ಕೊಟ್ಟಳು.

ಈಗ ‘ಲಕ್ಷ್ಮೀ ನಿವಾಸ’ದ ಜಯಂತ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕಂದ್ರೆ ಅತಿ ಹೆಚ್ಚು ಜನ ತಪ್ಪಾಗಿ ಓದಿರೋ ಪಾತ್ರ ಇದು. 2024ರ ಜನವರಿಯಲ್ಲಿ ಶುರುವಾದ ಈ ಧಾರಾವಾಹಿಯಲ್ಲಿ ದೀಪಕ್ ಸುಬ್ರಹ್ಮಣ್ಯ ಜಯಂತ್ ಆಗಿ, ಚಂದನಾ ಅನಂತಕೃಷ್ಣ ಜಾಹ್ನವಿಯಾಗಿ ಬಂದ್ರು. ಜಯಂತ್‌ಗೆ ಹೆಂಡತಿ ಮೇಲೆ ಅಪಾರ ಪ್ರೀತಿ, ಆದ್ರೆ ಆ ಪ್ರೀತಿಯಲ್ಲಿ ಬೇರೆ ಯಾರಿಗೂ ಪಾಲಿರಬಾರದು. ಅವಳ ತವರು, ಅವಳ ಸ್ನೇಹಿತ ವಿಶ್ವ, ಯಾರ ನೆರಳೂ ತಾಗಬಾರದು. ಮನೆಯೊಳಗೆ ಅವಳಿಗೆ ಗೊತ್ತಿಲ್ಲದಂತೆ ಕ್ಯಾಮೆರಾ ಇಟ್ಟು ನೋಡ್ತಾ ಕೂರ್ತಾನೆ. ಕೊನೆಗೆ ಜಾಹ್ನವಿ ಹಡಗಿನಿಂದ ಸಮುದ್ರಕ್ಕೆ ಹಾರೋ ಮಟ್ಟಕ್ಕೆ ಬರುತ್ತೆ.

ಆದ್ರೂ ‘ಎಂಥಾ ಪ್ರೀತಿ ಮಾಡ್ತಾನಪ್ಪಾ’ ಅನ್ನೋರು ಇದ್ದೇ ಇದಾರೆ. ತಪ್ಪು ಪೂರ್ತಿ ನೋಡೋರದಲ್ಲ. ದೃಶ್ಯ ಕಟ್ಟೋ ವಿಧಾನ ನಮ್ಮನ್ನ ಆ ಕಡೆ ತಳ್ಳುತ್ತೆ. ಇದನ್ನ ಪರೀಕ್ಷೆ ಮಾಡೋದು ಸುಲಭ. ಜಯಂತ್ ಕೆರಳೋ ಒಂದು ದೃಶ್ಯ ತಗೊಳ್ಳಿ, ಜೀ5ನಲ್ಲಿ ಸಂಚಿಕೆಗಳು ಸಿಗುತ್ತವೆ. ಮೊದಲ ಸಲ ಮ್ಯೂಟ್ ಮಾಡಿ ನೋಡಿ. ದೃಶ್ಯ ಯಾರ ಮುಖದ ಮೇಲೆ ಶುರುವಾಯ್ತು, ಯಾರ ಮುಖದ ಮೇಲೆ ಮುಗೀತು ಅಂತ ಬರ್ಕೊಳ್ಳಿ. ಅವಳ ಭಯದ ಮೇಲೆ ಮುಗಿದಿದ್ರೆ ದೃಶ್ಯ ಅವಳ ಕಡೆಗಿದೆ. ಅವನ ಒದ್ದೆ ಕಣ್ಣಿನ ಕ್ಲೋಸಪ್ ಮೇಲೆ ಮುಗಿದಿದ್ರೆ ನಮ್ಮ ಮರುಕ ಅವನಿಗೆ ಹೋಗ್ತಾ ಇದೆ. ಎರಡನೇ ಸಲ ಕಣ್ಣು ಮುಚ್ಚಿ ಬರೀ ಹಿನ್ನೆಲೆ ಸಂಗೀತ ಕೇಳಿ. ಕ್ಯಾಮೆರಾದಲ್ಲಿ ಹೆಂಡತಿಯನ್ನ ಕದ್ದು ನೋಡೋ ಹೊತ್ತಿಗೆ ವೀಣೆಯೋ ಕೊಳಲೋ ನುಡೀತಾ ಇದ್ರೆ, ಆ ಕದ್ದು ನೋಡೋದಕ್ಕೆ ‘ಪ್ರೇಮ’ ಅನ್ನೋ ಚೀಟಿ ಅಂಟಿಸಿದಾರೆ ಅಂತ ಅರ್ಥ. ಮೂರನೇದು, ಕ್ರೌರ್ಯದ ದೃಶ್ಯ ಮುಗಿದು ಎಷ್ಟು ಹೊತ್ತಿಗೆ ಅವನ ಅನಾಥ ಬಾಲ್ಯ ನೆನಪಿಸ್ತಾರೆ ನೋಡಿ. ಅದೇ ಸಂಚಿಕೆಯಲ್ಲಿ ಬಂದ್ರೆ ಅದು ಕ್ಷಮೆ ಕೊಡಿಸೋ ಕೆಲಸ ಮಾಡುತ್ತೆ. ಬಾಲ್ಯದ ಗಾಯ ಬೇರೆ ದಿನ, ಬೇರೆ ಸಂದರ್ಭದಲ್ಲಿ ಬಂದ್ರೆ ಅದೇ ವಿಷಯ ವಿವರಣೆಯಾಗಿ ನಿಲ್ಲುತ್ತೆ. ಯಾಕೆ ಹೀಗಾದ ಅಂತ ತಿಳಿಸೋದು ಕಥೆಯ ಕೆಲಸ. ಹೀಗಿದ್ರೂ ಪರವಾಗಿಲ್ಲ ಅಂತ ನಮ್ಮ ಕೈಲಿ ಹೇಳಿಸೋದು ಮೋಸ.

ಈ ಪಾತ್ರಕ್ಕೆ ಒಂದು ದೊಡ್ಡ ಗುಣ ಇದೆ, ಅದನ್ನೂ ಹೇಳಲೇಬೇಕು. ಹೊಡೆದ್ರೆ ಮಾತ್ರ ಹಿಂಸೆ ಅಂದ್ಕೊಂಡಿರೋ ಮನೆಗಳಿಗೆ, ಕೈ ಎತ್ತದೇ ಒಬ್ಬಳ ಉಸಿರು ಕಟ್ಟಿಸೋದು ಹೇಗಿರುತ್ತೆ ಅಂತ ಪ್ರೈಮ್ ಟೈಮ್‌ನಲ್ಲಿ ತೋರಿಸಿದ್ದು ಜಯಂತ್. ತವರಿಗೆ ಹೋಗೋಕೆ ನೆಪ ಹೇಳಿ ತಡೆಯೋದು, ಯಾರ ಜೊತೆ ಮಾತಾಡಿದೆ ಅಂತ ಲೆಕ್ಕ ಕೇಳೋದು, ಆಮೇಲೆ ಅತಿಯಾಗಿ ಮುದ್ದು ಮಾಡೋದು, ಇದು ಒಂದು ಸುತ್ತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಹಿಂಸೆಯೇ. ಜಾಹ್ನವಿಯನ್ನ ನೋಡ್ತಾ ಯಾರಿಗಾದ್ರೂ ‘ಇದು ನಮ್ಮನೆ ಕಥೆ’ ಅನ್ಸಿದ್ರೆ, ಮಹಿಳಾ ಸಹಾಯವಾಣಿ 181 ಇದೆ, ಫೋನ್ ಮಾಡಿ.

ಇಷ್ಟು ಗಟ್ಟಿ ಪಾತ್ರ ಕೂಡ ಆಗಾಗ ಸಡಿಲ ಆಗೋದ್ಯಾಕೆ? ಟಿವಿ ನೋಡೋರ ಲೆಕ್ಕ ಇಡೋ ಬಾರ್ಕ್ ಸಂಸ್ಥೆಯ ರೇಟಿಂಗ್ ಬರೋ ಕ್ರಮ ಗೊತ್ತಿದ್ರೆ ಉತ್ತರದಲ್ಲಿ ಅರ್ಧ ಸಿಗುತ್ತೆ. ಅವರ ವಾರ ಶನಿವಾರ ಶುರುವಾಗಿ ಶುಕ್ರವಾರಕ್ಕೆ ಮುಗಿಯುತ್ತೆ, ಅಂಕಿ ಹೊರಬರೋದು ಮುಂದಿನ ಗುರುವಾರ. ಸೋಮವಾರ ಪ್ರಸಾರವಾದ ದೃಶ್ಯ ಗೆದ್ದಿತೋ ಸೋತಿತೋ ಅಂತ ತಂಡಕ್ಕೆ ಗೊತ್ತಾಗೋಕೆ ಹತ್ತು ದಿನ. ಅಷ್ಟರಲ್ಲಿ ಮುಂದಿನ ಸಂಚಿಕೆಗಳು ಮುಂಚೆಯೇ ಶೂಟ್ ಆಗಿ ಬ್ಯಾಂಕಿಂಗ್‌ನಲ್ಲಿ ಸಿದ್ಧ ಇರುತ್ತವೆ. ಹಾಗಾಗಿ ಜನರ ಕೋಪಕ್ಕೆ ಉತ್ತರ ತೆರೆ ಮೇಲೆ ಕಾಣೋದು ಎರಡು ಮೂರು ವಾರ ತಡವಾಗಿ. ಒಂದು ಟ್ರ್ಯಾಕ್‌ಗೆ ಒಳ್ಳೆ ಅಂಕಿ ಬಂತು ಅಂದ್ರೆ ಅದನ್ನೇ ಎಳೀತಾರೆ, ಬಿದ್ರೆ ಅರ್ಧಕ್ಕೇ ಕತ್ತರಿಸಿ ಹೈ ಪಾಯಿಂಟ್, ಅಂದ್ರೆ ಒಂದು ದೊಡ್ಡ ತಿರುವು ತರ್ತಾರೆ. ಒಬ್ಬ ಮನುಷ್ಯ ರಾತ್ರೋರಾತ್ರಿ ಒಳ್ಳೆಯವನಾದ, ಇಲ್ಲಾ ಇದ್ದಕ್ಕಿದ್ದಂತೆ ರಾಕ್ಷಸನಾದ ಅಂತ ನಮಗೆ ಅನಿಸೋ ವಾರಗಳನ್ನ ಹಿಂದಿರುಗಿ ನೋಡಿ. ಅದಕ್ಕೂ ಎರಡು ಮೂರು ವಾರ ಮುಂಚೆ ಕಥೆ ಎಲ್ಲೋ ಸಪ್ಪೆಯಾಗಿದ್ದಿರುತ್ತೆ.

ಇನ್ನೊಂದು ದಾರಿ ಲೀಪ್. ಕಥೆ ಐದು ವರ್ಷ ಮುಂದೆ ಹಾರಿದಾಗ ತಪ್ಪಿನ ಬಾಕಿ ಮನ್ನಾ ಆಗಿಬಿಡೋ ಅಪಾಯ ಇರುತ್ತೆ. ‘ಅಮೃತಧಾರೆ’ ಈ ಪರೀಕ್ಷೆಯನ್ನ ಎದುರಿಸಿದ ಧಾರಾವಾಹಿ. ರಾಜೇಶ್ ನಟರಂಗ ಅವರ ಗೌತಮ್ ದಿವಾನ್ ತಾಂಡವ್, ಜಯಂತ್ ಥರದವನಲ್ಲ. ಒಳ್ಳೆಯವನು, ತೂಕದ ಮಾತು, ಮನೆಯವರಿಗಾಗಿ ಜೀವ ಸವೆಸಿದವನು. ಅವನ ದೋಷ ಒಳ್ಳೆತನದ ಒಳಗೇ ಕೂತಿದೆ. ಒಂದು, ಮಲತಾಯಿ ಶಕುಂತಲಾ ಮೇಲೆ ಪ್ರಶ್ನೆಯೇ ಇಲ್ಲದ ನಂಬಿಕೆ. ಎರಡನೇದು ಇನ್ನೂ ಸೂಕ್ಷ್ಮ: ಎಲ್ಲರ ನೋವನ್ನೂ ನಾನೇ ಹೊರ್ತೀನಿ ಅನ್ನೋ ಭಾವ. ಅವಳಿ ಮಕ್ಕಳಲ್ಲಿ ಮಗಳು ಕಳೆದುಹೋದ ವಿಷಯವನ್ನ ಹೆಂಡತಿ ಭೂಮಿಕಾಳಿಂದ ಮುಚ್ಚಿಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ಆದ್ರೆ ಹೆತ್ತವಳ ದುಃಖ ಪಡೋ ಹಕ್ಕನ್ನೇ ಅವನು ಒಬ್ಬನೇ ಕೂತು ತೀರ್ಮಾನ ಮಾಡಿ ಕಿತ್ತುಕೊಂಡ. ನಮ್ಮ ಮನೆಗಳ ಹಿರಿಯ ಗಂಡಸರಲ್ಲಿ ಈ ಗುಣ ಎಷ್ಟು ಸಾಮಾನ್ಯ ಅಂದ್ರೆ, ಅದನ್ನ ದೋಷ ಅಂತ ಕರೆಯೋಕೇ ನಾಲಿಗೆ ಏಳಲ್ಲ. ಛಾಯಾ ಸಿಂಗ್ ಭೂಮಿಕಾ ಪಾತ್ರದಲ್ಲಿ ಕಿರುಚದೇ, ಗಟ್ಟಿಯಾಗಿ ಅಳದೇ ದೂರ ಸರಿಯೋದು ಹೇಗೆ ಅಂತ ತೋರಿಸಿದಾರೆ.

ಅದಕ್ಕೇ ಇಂಥ ಜೋಡಿ ಒಂದಾಗೋ ಸಂಚಿಕೆ ಬಂದಾಗ ಪ್ರೋಮೋ ನೋಡಿ ಸಂಭ್ರಮ ಪಟ್ಟು ಸುಮ್ನಾಗಬೇಡಿ. ಬರೆಯೋರು ಮೂರು ಕೆಲಸ ಮಾಡಿದಾರಾ ನೋಡಿ. ತಪ್ಪು ಮಾಡಿದವನು ತಾನು ಮಾಡಿದ್ದೇನು ಅಂತ, ನೊಂದವಳ ಎದುರಿಗೇ, ಪೂರ್ತಿ ಹೇಳ್ಬೇಕು. ಬರೀ ‘ಕ್ಷಮಿಸು’ ಅನ್ನೋದು ಸಾಲದು. ಅವಳಿಗೆ ಕೋಪ ಮಾಡ್ಕೊಳ್ಳೋಕೆ ಸಾಕಷ್ಟು ಸಂಚಿಕೆ ಸಿಗಬೇಕು. ಒಂದೇ ಸಂಚಿಕೆಯಲ್ಲಿ ಕಣ್ಣೀರು, ಅಪ್ಪುಗೆ, ಹಾಡು ಮುಗಿದ್ರೆ ಅದು ಸ್ಲಾಟ್‌ನ ಅವಸರ. ಆಮೇಲೆ ಅದೇ ಥರದ ಪರಿಸ್ಥಿತಿ ಇನ್ನೊಮ್ಮೆ ಬಂದಾಗ ಅವನು ಬೇರೆ ಥರ ನಡ್ಕೋಬೇಕು. ಗೌತಮ್ ವಿಷಯದಲ್ಲಿ ಅಂದ್ರೆ, ಮತ್ತೊಂದು ಕೆಟ್ಟ ಸುದ್ದಿ ಬಂದ ದಿನ ಅವನು ಮೊದಲು ಭೂಮಿಕಾಳ ಹತ್ರ ಬರ್ತಾನಾ ಅನ್ನೋದು. ಈ ಮೂರನೇದನ್ನೇ ಧಾರಾವಾಹಿಗಳು ಹೆಚ್ಚಾಗಿ ಮರೆಯೋದು.

‘ಪುಟ್ಟಕ್ಕನ ಮಕ್ಕಳು’ ಕಂಠಿಯದ್ದು ಇದರ ಸರಳ ರೂಪ, ಬಂಗಾರಮ್ಮನ ಮಗ ಅನ್ನೋದನ್ನ ಪುಟ್ಟಕ್ಕನ ಮಗಳು ಸ್ನೇಹಾಳಿಂದ ಮುಚ್ಚಿಟ್ಟು ಮದುವೆ ಆದವನು. ಅವನ ಬಗ್ಗೆ ಸಾಕಷ್ಟು ಚರ್ಚೆ ಆಗಿದೆ. ಮಾತಾಡಬೇಕಾದ್ದು ಅವನ ಅಮ್ಮನ ಬಗ್ಗೆ. ಮೂರು ಹೆಣ್ಣು ಹೆತ್ತಳು ಅಂತ ಪುಟ್ಟಕ್ಕನನ್ನ ಬಿಟ್ಟು, ಗಂಡು ಮಗು ಬೇಕು ಅಂತ ರಾಜೇಶ್ವರಿ ಕಡೆ ಹೋದ ಗೋಪಾಲಯ್ಯನಿಗಿಂತಲೂ ನನಗೆ ಇಷ್ಟವಾಗೋ ಬರವಣಿಗೆ ಬಂಗಾರಮ್ಮನದು. ದೇವೀಪುರದ ಬಡ್ಡಿ ಬಂಗಾರಮ್ಮ. ದುಡ್ಡಿನ ವಿಷಯದಲ್ಲಿ ಕಲ್ಲು, ಮಗನ ವಿಷಯದಲ್ಲಿ ಬೆಣ್ಣೆ. ಪುಟ್ಟಕ್ಕನಾಗಿ ಉಮಾಶ್ರೀ ಅಂಥ ಕಲಾವಿದೆ ಎದುರಿಗೆ ನಿಂತಾಗಲೂ ಮಂಜುಭಾಷಿಣಿ ಆ ಪಾತ್ರದ ಗತ್ತನ್ನ ಒಂದಿಂಚೂ ಬಿಟ್ಟುಕೊಡಲ್ಲ. 2021ರ ಡಿಸೆಂಬರ್‌ನ ಮೊದಲ ಸಂಚಿಕೆಗಳ ಬಂಗಾರಮ್ಮನನ್ನ ನೋಡಿ, ಆಮೇಲೆ ಸೊಸೆ ಮನೆಗೆ ಬಂದ ನಂತರದವಳನ್ನ ನೋಡಿ. ಸೀರೆ, ನಡಿಗೆ, ಬೈಗುಳ ಎಲ್ಲ ಅದೇ. ಮುಂಚೆ ಯಾರಿಗಾಗಿ ಬೈತಿದ್ದಳು, ಈಗ ಯಾರಿಗಾಗಿ ಬೈತಾಳೆ, ಅಷ್ಟು ಮಾತ್ರ ಬರ್ಕೊಳ್ಳಿ. ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇವಳಿಗಿಂತ ಒಳ್ಳೆ ಪಾತ್ರ ಸಿಗಲ್ಲ.